ಹೊಳೆಯದ ಹರಳು

ಕೋತಾ ಬಾರು
ಫೆಬ್ರವರಿ 4, ಭಾನುವಾರ

ಸಿಂಗಪುರದ ಹರಳು ಪರೀಕ್ಷಾ ಕೇಂದ್ರದ ಮಾನ್ಯರಿಗೆ,

ನಾನು ನಿಕ್ ಸಾಫುರಾ. ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಜೀವರಸಾಯನ ಪಾಠ ಮಾಡುತ್ತೇನೆ. ಪಾಠ ಇಲ್ಲದಾಗ ಒಂದು ಪ್ರೋಟೀನಿನ ಬೆನ್ನು ಹತ್ತಿರುತ್ತೇನೆ. ಅದರ ಒಂದು ಕೊಳವೆಯನ್ನು ಡ್ರೈ ಐಸ್ ತುಂಬಿದ ಪೆಟ್ಟಿಗೆಯಲ್ಲಿಟ್ಟು ಇವತ್ತು ಬೆಳಿಗ್ಗೆ ವಿಮಾನ ಹತ್ತಿಸಿದ್ದೇನೆ. ನಿಮ್ಮಲ್ಲಿಗೆ ಬಂದಾಗ ಪೆಟ್ಟಿಗೆ ಇನ್ನೂ ಹೊಗೆಯಾಡುತ್ತಿದ್ದರೆ ಅದು ಜೀವಂತ, ಇಲ್ಲದಿದ್ದರೆ ನನ್ನ ಗೋಳು ಅನಂತ.

ಪ್ರೋಟೀನಿನ ರೂಪ ತಿಳಿಯಬೇಕಾದರೆ ಅದು ಹರಳುಗಟ್ಟಬೇಕು. ಯಾವ ದ್ರಾವಣದಲ್ಲಿ ಹರಳುಗಟ್ಟುತ್ತದೆ ಎನ್ನುವುದು ಅದಕ್ಕೇ ಗೊತ್ತಿರುವುದಿಲ್ಲ, ನೂರಾರು ದ್ರಾವಣಗಳಲ್ಲಿ ಹನಿ ಹನಿಯಾಗಿ ಇಟ್ಟು ಕಾಯಬೇಕು. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ನಮ್ಮ ಡೀನರಿಗೆ ಹೇಳಿ ಹೇಳಿ ನಾಲಗೆಗೆ ರೂಢಿಯಾಗಿದೆ. ಇಲ್ಲಿ ಆ ಹನಿಗಳನ್ನು ಇಡುವ ಯಂತ್ರ ನಾನೇ. ಬೆಳಿಗ್ಗೆ ಈ ಯಂತ್ರಕ್ಕೆ ಕಾಫಿಯ ನಡುಕ, ಮಧ್ಯಾಹ್ನ ಅನ್ನದ ತೂಕಡಿಕೆ. ವರ್ಷಗಟ್ಟಲೆ ಇಟ್ಟೆ, ಒಂದೂ ಹರಳುಗಟ್ಟಲಿಲ್ಲ. ಅದಕ್ಕೇ ನಿಮ್ಮ ರೋಬೋಟಿನ ಕೈಗೆ ಒಪ್ಪಿಸುತ್ತಿದ್ದೇನೆ.

ಈಗ ನಿಜ ಸಂಗತಿ. ಉಪವಾಸದ ತಿಂಗಳು ಕಳೆದು ಹರಿ ರಾಯ ಹಬ್ಬ ಮುಗಿಯುವಷ್ಟರಲ್ಲಿ ಒಂದು ಹರಳನ್ನಾದರೂ ತೋರಿಸದಿದ್ದರೆ ನನ್ನ ಕೋಲ್ಡ್ ರೂಮ್ ತಾಳೆಎಣ್ಣೆಯ ಸಂಶೋಧಕರ ಪಾಲು ಎಂದು ಡೀನ್ ಹೇಳಿದ್ದಾರೆ. ಕೋಲ್ಡ್ ರೂಮ್ ಹೋದರೆ ಈ ಪ್ರೋಟೀನ್ ಎರಡು ದಿನದಲ್ಲಿ ಹಳಸುತ್ತದೆ, ನನ್ನ ಕೆಲಸ ಅಲ್ಲಿಗೆ ಮುಗಿಯುತ್ತದೆ. ತಾಳೆಎಣ್ಣೆಯ ಡಾ. ರೊಸ್ದಿ ಅಳತೆ ಟೇಪು ಹಿಡಿದು ಆಗಲೇ ಬಂದು ಹೋಗಿದ್ದಾನೆ. "ಸುಮ್ನೆ ನೋಡ್ದೆ ಕಾಕ್, ನಮ್ಮ ಕಪಾಟು ಹಿಡಿಯುತ್ತಾ ಅಂತ," ಎನ್ನುತ್ತಾನೆ. ನನಗಿಂತ ಚಿಕ್ಕವನು, ಕಾಕ್ ಎಂದು ಅಕ್ಕನ ಮರ್ಯಾದೆ ಕೊಟ್ಟೇ ಅಕ್ಕನ ಮನೆ ಅಳೆಯುತ್ತಾನೆ.

ಪ್ರೋಟೀನ್ ಫಾಸ್ಫೇಟ್ ಬೆರೆತ ನೀರಿನಲ್ಲಿದೆ. ಅದು ಯಾವುದರದ್ದು ಎಂದು ಮಾತ್ರ ಹೇಳುವುದಿಲ್ಲ, ಕ್ಷಮಿಸಿ.

ಅರ್ಜಿಯ ಕೊನೆಯಲ್ಲಿ ನಾಲ್ಕು ಸಾಲಿನ ಪಂತುನ್ ಬರೆಯುವುದು ನನ್ನ ಕೆಟ್ಟ ಚಾಳಿ. ಸಹಿಸಿಕೊಳ್ಳಿ.

ಸೇತುವೆ ಕೆಳಗೆ ದೋಣಿ ನಿಂತಿದೆ,
ದೋಣಿಯ ತುಂಬ ತೆಂಗು;
ಕೊಳವೆಯ ತಳದಲಿ ಹನಿಯೊಂದು ಕುಂತಿದೆ,
ಅದರದೇ ನನಗೆ ಗುಂಗು.

ನಿಕ್ ಸಾಫುರಾ


ಸಿಂಗಪುರ
ಫೆಬ್ರವರಿ 7, ಬುಧವಾರ

ಡಾ. ನಿಕ್ ಸಾಫುರಾ ಅವರಿಗೆ,

ಪೆಟ್ಟಿಗೆ ತಲುಪಿದೆ. ಡ್ರೈ ಐಸ್ ಗುಲಗಂಜಿಯಷ್ಟೇ ಉಳಿದಿತ್ತು, ಆದರೆ ಕೊಳವೆ ಕಲ್ಲಿನಂತೆ ಗಟ್ಟಿಯಿತ್ತು.

ಅದು ಯಾವುದರದ್ದು ಎಂದು ನೀವು ಹೇಳಬೇಕಾಗಿಲ್ಲ. ಇಲ್ಲಿಗೆ ಕಳಿಸುವವರಲ್ಲಿ ಹೆಚ್ಚಿನವರು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಔಷಧ ಕಂಪನಿಯವರಂತೂ ಕೊಳವೆಯ ಮೇಲಿನ ಅಂಕಿಗೂ ಕೈ ಅಡ್ಡ ಹಿಡಿದು ಕೊಡುತ್ತಾರೆ. ಕೇಳದಿರುವುದು ಈ ಕಸುಬಿನ ಮರ್ಯಾದೆ.

ಯಂತ್ರ ಇವತ್ತು ಮಧ್ಯಾಹ್ನ ನಿಮ್ಮ ಪ್ರೋಟೀನನ್ನು ಧೂಳಿನ ಕಣದಷ್ಟು ಸಣ್ಣ ಹನಿಗಳಾಗಿ ಒಡೆದು, ಒಂದೊಂದಕ್ಕೂ ಬೇರೆ ಬೇರೆ ದ್ರಾವಣ ಬೆರೆಸಿ, ತಟ್ಟೆಗಳ ಸಾವಿರಕ್ಕೂ ಮಿಕ್ಕ ಗುಳಿಗಳಲ್ಲಿ ಇಟ್ಟಿತು. ನೀವು ಒಂದು ಟೀ ಕುಡಿಯುವ ಹೊತ್ತು ಹಿಡಿಯಿತು. ಇನ್ನು ತಟ್ಟೆಗಳು ಕಪಾಟಿನಲ್ಲಿರುತ್ತವೆ. ಕ್ಯಾಮೆರಾ ಆಗಾಗ ಎಲ್ಲ ಹನಿಗಳ ಚಿತ್ರ ತೆಗೆದು ನಿಮಗೆ ಕಳಿಸುತ್ತದೆ. ಪ್ರತಿ ಚಿತ್ರದ ಕೆಳಗೆ ನಾನು ಒಂದು ಪದದ ಷರಾ ಬರೆಯುತ್ತೇನೆ: ಸ್ವಚ್ಛ, ಕೆಸರು, ಹರಳು, ಇತರೆ, ಹೀಗೆ. ಏಪ್ರಿಲ್ 22ರ ಸೋಮವಾರ ನಿಮ್ಮ ಅವಧಿ ಮುಗಿಯುತ್ತದೆ. ಅವತ್ತು ತಟ್ಟೆ ಹಳದಿ ಕಸಚೀಲಕ್ಕೆ, ಚೀಲ ಉಗಿ ಒಲೆಗೆ.

ಯಂತ್ರಕ್ಕೆ ನಾವು ಬೀಬಿಕ್ ಎನ್ನುತ್ತೇವೆ. ನಾನು ಬಾಬಾ ಮನೆತನದವನು, ಹೆಸರು ಚೀನಿ, ಮನೆಮಾತು ಮಲಯ್. ನಾವು ಬೀಬಿಕ್ ಎಂದು ಕರೆಯುವ ನಮ್ಮ ಮನೆಯ ಹಿರಿಯ ಹೆಂಗಸರು ಚಪ್ಪಲಿಯ ಮೇಲೆ ಮಣಿ ಪೋಣಿಸುವುದನ್ನು ನೋಡಿದ್ದೀರಾ? ಸಾಸಿವೆಗಿಂತ ಸಣ್ಣ ಮಣಿ, ಒಂದು ತಪ್ಪಿದರೆ ಇಡೀ ಸಾಲು ಬಿಚ್ಚುತ್ತಾರೆ. ನಮ್ಮ ಯಂತ್ರದ್ದೂ ಅದೇ ಗುಣ, ಅದೇ ಗೊಣಗು.

ಕೇಂದ್ರದ ನಿಯಮಾವಳಿಯಲ್ಲಿ ಪದ್ಯಕ್ಕೆ ಉತ್ತರ ಕೊಡುವ ಬಾಬ್ತು ಇಲ್ಲ. ಕೊಡಬಾರದು ಎಂದೂ ಇಲ್ಲ.

ಮಾಳಿಗೆ ಮೇಲೆ ಮೆಣಸು ಒಣಗಿದೆ,
ಕಾಗೆಯ ಕಣ್ಣೂ ಅತ್ತ;
ಹನಿಗಳನಿಟ್ಟು ಬೀಬಿಕ್ ಮಲಗಿದೆ,
ಕಣ್ಣಿಡಿ ನೀವೂ ಇತ್ತ.

ಚಿಯಾ ಕಿಮ್ ತಿಯೋಂಗ್


ಕೋತಾ ಬಾರು
ಫೆಬ್ರವರಿ 18, ಭಾನುವಾರ

ಎಂಚಿಕ್ ಚಿಯಾ ಅವರಿಗೆ,

ಬಂತು.

ಚಿತ್ರಗಳು ಶುಕ್ರವಾರವೇ ಬಂದಿದ್ದವಂತೆ. ನಮಗೆ ಶುಕ್ರ ಶನಿ ರಜೆ, ನಿಮಗೆ ಶನಿ ಭಾನು. ನಾವಿಬ್ಬರೂ ಒಟ್ಟಿಗೆ ಎಚ್ಚರವಾಗಿರುವುದು ವಾರಕ್ಕೆ ನಾಲ್ಕೇ ದಿನ. ಇವತ್ತು ಬೆಳಿಗ್ಗೆ ತೆರೆದು ನೋಡಿದರೆ ಒಂದು ಗುಳಿಯಲ್ಲಿ ನೀಳವಾಗಿ, ತೆಳ್ಳಗೆ, ಬೆಳ್ಳಗೆ ಹೊಳೆಯುವ ಸೂಜಿ. ಕೆಳಗೆ ನೀವು 'ಇತರೆ' ಎಂದು ಷರಾ ಬರೆದಿದ್ದೀರಿ. ವಿನಯ ಎಂದುಕೊಂಡೆ.

ಪೇಟೆಗೆ ಓಡಿ ಬಿಸಿ ಅಕೋಕ್ ತಂದು ವಿಭಾಗಕ್ಕೆಲ್ಲ ಹಂಚಿದೆ. ಸಕ್ಕರೆ ಪಾಕದಲ್ಲಿ ಮುಳುಗಿದ ಈ ಮೊಟ್ಟೆಕಡುಬನ್ನು ರೊಸ್ದಿ ನಾಲ್ಕು ತಿಂದ, ದುಃಖಕ್ಕೆ ಇರಬೇಕು. ಡೀನ್ ಎರಡು ತಿಂದು "ನೋಡೋಣ" ಎಂದರು. ಅಮ್ಮನಿಗೆ ಫೋನು ಮಾಡಿದೆ.

"ಮೆಕ್, ಹರಳು ಬಂತು."

"ಹೌದಾ? ಎಷ್ಟು ದಪ್ಪ?"

"ಕೂದಲಿಗಿಂತ ಸಣ್ಣ."

"ಉಂಗುರಕ್ಕೆ ಆಗಲ್ವಾ?"

"ಆಗಲ್ಲ ಮೆಕ್."

"ಮತ್ತೆ ಇಷ್ಟು ವರ್ಷ ಏನ್ ಮಾಡ್ತಿದ್ದೆ ಅಲ್ಲಿ?"

ಆಕೆಯ ಪಾಲಿನ ಅಕೋಕ್ ಸಂಜೆ ಒಯ್ಯುತ್ತೇನೆ, ಸಿಹಿಯ ಮುಂದೆ ಆ ಪ್ರಶ್ನೆ ಕರಗಲಿ. ಬೀಬಿಕ್‌ಗೆ ನನ್ನ ಪರವಾಗಿ ಒಂದು ಹನಿ ಎಣ್ಣೆ ಹೆಚ್ಚು ಬಿಡಿ. ಇವತ್ತು ಪದ್ಯ ಬರೆಯುವಷ್ಟೂ ವ್ಯವಧಾನ ಇಲ್ಲ.

ಸಾಫುರಾ


ಸಿಂಗಪುರ
ಫೆಬ್ರವರಿ 19, ಸೋಮವಾರ

ಡಾ. ಸಾಫುರಾ ಅವರಿಗೆ,

ಅದು ನೂಲು.

ಕೊಳವೆ ಒರೆಸಿದ ಬಟ್ಟೆಯದೋ, ನನ್ನ ಅಂಗಿಯದೋ, ಹೇಳಲಾರೆ. ಹರಳಿಗೆ ಮೂಲೆ ಇರುತ್ತದೆ; ಇದಕ್ಕೆ ತುದಿಯಲ್ಲಿ ಒಂದು ಬಳುಕು ಇದೆ, ದೊಡ್ಡದು ಮಾಡಿ ನೋಡಿ. ಈ ಕೆಲಸಕ್ಕೆ ಸೇರಿದ ವರ್ಷ ಇಂಥದ್ದೇ ಒಂದು ನೂಲಿಗೆ ನಾನೂ ಇಡೀ ಮಹಡಿಗೆ ಕಾಫಿ ಕುಡಿಸಿದ್ದೇನೆ. ಹಾಗಾಗಿ 'ಇತರೆ' ಎನ್ನುವುದು ವಿನಯವೂ ಅಲ್ಲ, ಅಣಕವೂ ಅಲ್ಲ. ಷರಾ ಪಟ್ಟಿಯಲ್ಲಿ 'ನೂಲು' ಎಂಬ ಪದ ಇಲ್ಲ, ಅಷ್ಟೇ.

ಇನ್ನೂ ಎರಡು ತಿಂಗಳಿದೆ. ದಯವಿಟ್ಟು ಅಮ್ಮನವರಿಗೆ ಅಕೋಕ್ ಮುಗಿಸಿದ ಮೇಲೇ ಹೇಳಿ.

ಚಿಯಾ ಕಿಮ್ ತಿಯೋಂಗ್


ಕೋತಾ ಬಾರು
ಫೆಬ್ರವರಿ 20, ಮಂಗಳವಾರ

ಎಂಚಿಕ್ ಚಿಯಾ,

ತಿಂದ ಅಕೋಕನ್ನು ವಾಪಸು ತರಿಸುವ ತಂತ್ರ ಇನ್ನೂ ಬಂದಿಲ್ಲ. ನಿನ್ನೆ ಸಭೆಯಲ್ಲಿ ಎದ್ದು ನಿಂತು ಅದು ನೂಲು ಎಂದು ಹೇಳಿದೆ. ಡೀನ್ ಕನ್ನಡಕ ತೆಗೆದು ಒರೆಸಿದರು, ಅದೂ ಬಟ್ಟೆಯಿಂದಲೇ. ರೊಸ್ದಿ ಹೊರಗೆ ಬಂದು ಸಮಾಧಾನ ಹೇಳಿದ: "ಬೇಜಾರ್ ಮಾಡ್ಕೋಬೇಡಿ ಕಾಕ್. ನೂಲು ಬಂತಲ್ಲ, ಜವಳಿ ವಿಭಾಗ ಶುರು ಮಾಡೋಣ."

ನೀವು ಪ್ರೋಟೀನ್ ಯಾವುದರದ್ದು ಎಂದು ಕೇಳದಿದ್ದುದೇ ಒಳ್ಳೆಯದಾಯಿತು. ಕೇಳಿದವರೆಲ್ಲ ನಕ್ಕಿದ್ದಾರೆ. ನಿಮ್ಮೊಬ್ಬರ ಮುಂದೆಯಾದರೂ ನನ್ನ ಮಾನ ಉಳಿದಿದೆ, ನೂಲಿನ ಮೇಲೆ ತೂಗಾಡುತ್ತಿದ್ದರೂ.

ಸಾಫುರಾ


ಸಿಂಗಪುರ
ಮಾರ್ಚ್ 8, ಶುಕ್ರವಾರ

ಕಾಕ್ ಸಾಫುರಾ,

ಹೀಗೆ ಕರೆಯಬಹುದೇ? ರೊಸ್ದಿಯವರು ಕರೆಯುವುದನ್ನು ಓದಿ ನನಗೂ ಚಟ ಹತ್ತಿತು.

ಹೊಸ ಚಿತ್ರಗಳು ಬಂದಿವೆ. ಸ್ವಚ್ಛ, ಸ್ವಚ್ಛ, ಕೆಸರು, ಸ್ವಚ್ಛ. ಎದೆಗುಂದಬೇಡಿ. ಬೇಗ ಬರುವ ಹರಳುಗಳು ಗಡಿಬಿಡಿಯಲ್ಲಿ ಅಂಕುಡೊಂಕಾಗಿರುತ್ತವೆ. ತಡವಾಗಿ ಬರುವವೇ ಅಚ್ಚುಕಟ್ಟು.

ಭಾನುವಾರ ನನ್ನ ಸೋದರತ್ತೆಯ ಮನೆಗೆ ಹೋಗಿದ್ದೆ. ಯಂತ್ರಕ್ಕೆ ಇಟ್ಟಿರುವುದು ಅವರ ಹೆಸರನ್ನೇ, ಅವರಿಗೆ ಗೊತ್ತಿಲ್ಲ. ವಯಸ್ಸಿನಲ್ಲಿ ಪಿಟೀಲಿನ ಜೊತೆ ನಿಂತು ಪಂತುನ್ ಹಾಡಿ ಎದುರಾಳಿಯ ಬಾಯಿ ಮುಚ್ಚಿಸುತ್ತಿದ್ದವರು. ನಿಮ್ಮ ದೋಣಿ ತೆಂಗಿನ ಪದ್ಯ ಹೇಳಿದೆ. ಮಣಿಯ ಸೂಜಿ ಕೆಳಗಿಟ್ಟರು.

"ಯಾರೋ ಇವಳು?"

"ಕೋತಾ ಬಾರುವಿನ ಪ್ರೊಫೆಸರ್, ಬೀಬಿಕ್."

"ಪ್ರಾಸ ಪರವಾಗಿಲ್ಲ. ಮದುವೆ ಆಗಿದ್ಯಾ?"

"ಅವರದ್ದು ಗೊತ್ತಿಲ್ಲ. ನನಗೆ ಆಗಿದೆ, ಊಟಕ್ಕೆ ನೀವೇ ಬಂದಿದ್ರಿ."

"ಅದೂ ಹೌದು," ಎಂದು ಮತ್ತೆ ಸೂಜಿ ಎತ್ತಿಕೊಂಡರು.

ಮುಂದಿನ ವಾರ ಉಪವಾಸ ಶುರು. ನಿಮಗೂ ಅಮ್ಮನವರಿಗೂ ಹಗುರವಾಗಿ ಸಾಗಲಿ.

ಕಿಮ್ ತಿಯೋಂಗ್


ಸಿಂಗಪುರ
ಏಪ್ರಿಲ್ 1, ಸೋಮವಾರ

ಕಾಕ್ ಸಾಫುರಾ,

ಪತ್ರ ಬರದೆ ಬಹಳ ದಿನವಾಯಿತು. ಉಪವಾಸದ ಆಯಾಸ ಎಂದುಕೊಂಡಿದ್ದೇನೆ.

ಮಾರ್ಚ್ ಕೊನೆಯ ಚಿತ್ರಗಳನ್ನು ನೋಡಿರುತ್ತೀರಿ. ಷರಾ ಬರೆಯುವುದು ನನ್ನ ಕೆಲಸ, ಅದಕ್ಕಿಂತ ಹೆಚ್ಚು ಅದರ ಬಗ್ಗೆ ಇಲ್ಲಿ ಹೇಳುವುದಿಲ್ಲ. ತಟ್ಟೆಗಳು 22ರವರೆಗೆ ಕಪಾಟಿನಲ್ಲಿರುತ್ತವೆ. ಯಾವುದನ್ನಾದರೂ ಉಳಿಸಬೇಕು ಎನಿಸಿದರೆ ಅಷ್ಟರೊಳಗೆ ಒಂದು ಸಾಲು ಬರೆಯಿರಿ.

ಇಲ್ಲಿ ಎಲ್ಲ ಕ್ಷೇಮ. ಬೀಬಿಕ್‌ನ ಒಂದು ಮೂತಿ ಕಟ್ಟಿಕೊಂಡಿತ್ತು, ಸರಿಮಾಡಿದೆವು. ಯಂತ್ರದ್ದು.

ಕಿಮ್ ತಿಯೋಂಗ್


ಸಿಂಗಪುರ
ಏಪ್ರಿಲ್ 9, ಮಂಗಳವಾರ

ಕಾಕ್,

ಹಬ್ಬದ ಹೊತ್ತಿಗೆ ಕೆತುಪಾತ್ ಬೆಂದಿದೆ,
ಎಲೆಯಲಿ ಹೆಣೆದ ಬುಟ್ಟಿ;
ಎಲ್ಲರ ಪತ್ರ ಮೇಜಿಗೆ ಬಂದಿದೆ,
ನಿಮ್ಮದು ಮೌನವೇ ಗಟ್ಟಿ.

ಹರಿ ರಾಯ ಹಬ್ಬದ ಶುಭಾಶಯ. ಅಮ್ಮನವರಿಗೆ ನನ್ನ ಸಲಾಂ.

ಕಿಮ್ ತಿಯೋಂಗ್


ಕೋತಾ ಬಾರು
ಏಪ್ರಿಲ್ 21, ಭಾನುವಾರ

ಬಾಬಾ ಕಿಮ್ ತಿಯೋಂಗ್,

ಹಬ್ಬ ಮುಗಿಯಿತು, ಅತಿಥಿಗಳು ಹೋದರು, ಡಬ್ಬದ ತಳದಲ್ಲಿ ಬಿಸ್ಕತ್ತಿನ ಪುಡಿ ಉಳಿದಿದೆ. ಈಗ ಬರೆಯದಿದ್ದರೆ ಅಮ್ಮ ಕಲಿಸಿದ ಮರ್ಯಾದೆಗೆ ಅವಮಾನ.

ನಿಮ್ಮ ಮೂರೂ ಪತ್ರ ಓದಿದೆ, ಉತ್ತರಿಸಲಿಲ್ಲ. ಮಾರ್ಚ್ ಕೊನೆಯಲ್ಲಿ ಒಂದು ಚಿತ್ರ ಬಂತಲ್ಲ, ಮೂರು ಹರಳು ಮೈಗೆ ಮೈ ತಾಗಿಸಿ ಕೂತದ್ದು. ಚೂಪ ಚೂಪಾದ ಮೂಲೆ, ಕನ್ನಡಿಯಂಥ ಮೈ. ಬಳುಕು ಇದೆಯೇ ಎಂದು ದೊಡ್ಡದು ಮಾಡಿ ಮಾಡಿ ನೋಡಿದೆ, ಇರಲಿಲ್ಲ. ಆಮೇಲೆ ಕೆಳಗೆ ಕಣ್ಣು ಹೋಯಿತು. ನಿಮ್ಮ ಷರಾ: 'ಉಪ್ಪು'. ಫಾಸ್ಫೇಟಿನಲ್ಲಿ ಕಳಿಸಿದವಳು ನಾನೇ, ಆ ಗುಳಿಯ ದ್ರಾವಣದಲ್ಲಿ ಸುಣ್ಣದ ಅಂಶ ಇತ್ತು. ಅವೆರಡೂ ಸೇರಿದರೆ ಉಪ್ಪೇ ಅಲ್ಲವೆ. ನೀವು ಪರೀಕ್ಷಿಸಿಯೇ ಬರೆದಿರುತ್ತೀರಿ. ನೂಲಿಗೆ ಊರೂಟ ಹಾಕಿಸಿದವಳು ಉಪ್ಪಿಗೂ ವಾದ ಹೂಡುವುದು ಹೇಗೆ? ಸುಮ್ಮನಾದೆ.

ಬುಧವಾರ ಬೆಳಿಗ್ಗೆ ಕೋಲ್ಡ್ ರೂಮಿನ ಕೀಲಿ ರೊಸ್ದಿಗೆ. ಕೆಲಸ ಮುಗಿಯಿತು, ಇನ್ನು ಮುಚ್ಚಿಡುವುದೇನು? ಅದು ಕಪ್ಪೆಯ ನೊರೆ, ಬಾಬಾ.

ನಮ್ಮ ವಿಭಾಗದ ಹಿಂದೆ ಒಂದು ಚರಂಡಿ, ಅದರ ಮೇಲೆ ಬಾಗಿದ ರಂಬುತಾನ್ ಮರ. ಮಳೆಗಾಲದಲ್ಲಿ ಮರಗಪ್ಪೆ ಕೊಂಬೆಯ ತುದಿಗೆ ಬಂದು, ಹಿಂಗಾಲಿನಲ್ಲಿ ಕಡೆದು ಕಡೆದು ಮುಷ್ಟಿಯಷ್ಟು ಬಿಳೀ ನೊರೆ ಎಬ್ಬಿಸಿ, ಅದರೊಳಗೆ ಮೊಟ್ಟೆ ಇಡುತ್ತದೆ. ಬಿಸಿಲು ಬಡಿದರೂ ಒಣಗುವುದಿಲ್ಲ, ಮಳೆ ಹೊಡೆದರೂ ಇಳಿಯುವುದಿಲ್ಲ, ಇರುವೆ ಮುತ್ತುವುದಿಲ್ಲ, ಹುಳ ಹತ್ತುವುದಿಲ್ಲ. ಮರಿಗಳು ಬೆಳೆದು ಕೆಳಗಿನ ನೀರಿಗೆ ಪಟಪಟ ಉದುರುತ್ತವೆ. ಖಾಲಿಯಾದ ನೊರೆಯನ್ನು ನಾನು ಚಮಚದಲ್ಲಿ ತೆಗೆದು ತರುತ್ತೇನೆ. ಅದನ್ನು ಹಾಗೆ ಹಿಡಿದಿಡುವ ಪ್ರೋಟೀನಿನ ರೂಪ ಗೊತ್ತಾದರೆ ಸುಟ್ಟ ಗಾಯದ ಮೇಲೆ ಹಚ್ಚುವ ನೊರೆ ಮಾಡಬಹುದು ಎಂಬುದು ನನ್ನ ಆಸೆ. ವಿಭಾಗದಲ್ಲಿ ನನ್ನ ಹೆಸರು ಕಪ್ಪೆಯಮ್ಮ. ನಾನು ಬಂದರೆ ಯಾರೋ ಒಬ್ಬರು ಮೂಲೆಯಲ್ಲಿ ವಟಗುಟ್ಟುತ್ತಾರೆ. ಅದಕ್ಕೇ ನಿಮಗೆ ಹೇಳಲಿಲ್ಲ. ಕಳ್ಳರ ಭಯ ಇರಲಿಲ್ಲ, ನಗುವವರ ಭಯ.

ಬಡವರ ಮನೆಯ ಪ್ರೋಟೀನ್ ಅದು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಲ್ಲಿ ಟ್ರಿಪ್ಟೊಫ್ಯಾನ್ ಎಂಬುದು ಒಂದೇ ಒಂದೂ ಇಲ್ಲ. ಅಮ್ಮನಿಗೆ ಇದನ್ನು ಹೇಳಿದಾಗ, "ಸಾರಿಗೆ ಒಂದು ಮಸಾಲೆ ಕಮ್ಮಿ ಆದ್ರೆ ಏನಂತೆ? ಮಕ್ಕಳು ಬೆಳೀತಾವಲ್ಲ," ಎಂದಳು. ಕಪ್ಪೆಯ ಪರವಾಗಿ ಮಾತಾಡಿದವಳು ಅವಳೊಬ್ಬಳೇ.

ನೀವು ತೋರಿಸಿದ ತಾಳ್ಮೆಗೆ ಋಣಿ. ಪಂತುನ್ ಅರ್ಧವೇ ಆಯಿತು. ಮೊದಲೆರಡು ಸಾಲು ಬಂದವು, ಅರ್ಥ ಹೇಳುವ ಸಾಲುಗಳು ಬರಲಿಲ್ಲ.

ಚರಂಡಿ ಮೇಲೆ ಕೊಂಬೆ ಬಾಗಿದೆ,
ಕೊಂಬೆಯ ತುದಿಗೆ ನೊರೆ;

ಸಾಫುರಾ


ಸಿಂಗಪುರ
ಏಪ್ರಿಲ್ 22, ಸೋಮವಾರ ಬೆಳಿಗ್ಗೆ

ಕಾಕ್,

ಕೀಲಿ ಯಾರಿಗೂ ಕೊಡಬೇಡಿ. ನಿನ್ನೆ ನಮಗೆ ರಜೆ, ನಿಮ್ಮ ಪತ್ರ ಈಗ ಓದಿದೆ. ಕಾರಣ ಬರೆಯಲು ಪುರುಸೊತ್ತಿಲ್ಲ. ತಟ್ಟೆಗಳು ಹಳದಿ ಚೀಲದಲ್ಲಿ ಕೆಳಗಿಳಿದಿವೆ. ನಾನೂ ಇಳಿಯುತ್ತಿದ್ದೇನೆ.

ಕಿ.ತಿ.


ಸಿಂಗಪುರ
ಏಪ್ರಿಲ್ 23, ಮಂಗಳವಾರ

ಕಾಕ್ ಸಾಫುರಾ,

ಈಗ ಕೂತು ಬರೆಯುತ್ತೇನೆ. ನಿನ್ನೆ ಇಡೀ ದಿನ ನಿಂತೇ ಇದ್ದೆ.

ಹರಳು ಉಪ್ಪೋ ಪ್ರೋಟೀನೋ ಎಂದು ತಿಳಿಯಲು ನಮ್ಮಲ್ಲಿ ಸುಲಭದ ದಾರಿ ಅತಿನೇರಳೆ ದೀಪ. ಆ ಬೆಳಕಿನಲ್ಲಿ ಪ್ರೋಟೀನ್ ಹೊಳೆಯುತ್ತದೆ, ಉಪ್ಪು ಕಪ್ಪಗೆ ಕೂರುತ್ತದೆ. ನಿಮ್ಮ ಮೂರು ಹರಳು ಕಪ್ಪಗೆ ಕೂತಿದ್ದವು. ಫಾಸ್ಫೇಟು, ಸುಣ್ಣ, ಮೇಲಿಂದ ಕತ್ತಲು. ಕಣ್ಣು ಮುಚ್ಚಿ 'ಉಪ್ಪು' ಎಂದು ಬರೆದೆ. ಆದರೆ ದೀಪಕ್ಕೆ ಹೊಳೆಯುವುದು ಪ್ರೋಟೀನಿನೊಳಗಿನ ಟ್ರಿಪ್ಟೊಫ್ಯಾನ್, ಕಾಕ್. ಅದೇ ನಿಮ್ಮ ಕಪ್ಪೆಯ ಮನೆಯಲ್ಲಿ ಇಲ್ಲ. ಇಲ್ಲದ ಎಣ್ಣೆಗೆ ಹಣತೆ ಯಾಕೆ ಉರಿಯಲಿಲ್ಲ ಎಂದು ಕೇಳಿದ ಹಾಗಾಯಿತು ನನ್ನ ಪರೀಕ್ಷೆ.

ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರೂ ಬಹಳ ಮರ್ಯಾದಸ್ಥರು.

ನೆಲಮಾಳಿಗೆಗೆ ಓಡಿದೆ. ಉಗಿ ಒಲೆ ನೋಡಿಕೊಳ್ಳುವ ಲೆಚುಮಿಯಕ್ಕ ಬಾಗಿಲು ತೆರೆದು ಮೊದಲ ಚೀಲ ಒಳಗಿಡುತ್ತಿದ್ದರು.

"ಏನ್ ಬಾಬಾ, ಊಟದ ಡಬ್ಬಿ ಚೀಲಕ್ಕೆ ಹಾಕ್ಬಿಟ್ರಾ?"

"ಒಂದು ತಟ್ಟೆ ಬೇಕಕ್ಕ. ಚೀಲ ಬಿಚ್ಚಬೇಕು."

"ಗಂಟು ಹಾಕಿದ್ ಚೀಲ ಯಾರೂ ಬಿಚ್ಚಂಗಿಲ್ಲ. ಬೋರ್ಡ್ ನೋಡಿ."

"ಆ ಬೋರ್ಡ್ ಬರೆದಿದ್ದು ನಾನೇ."

"ಅದಕ್ಕೇ ಹೇಳ್ತಿರೋದು. ಬರೆದೋರೇ ಓದ್ದೇ ಇದ್ರೆ?"

"ಲೆಚುಮಿಯಕ್ಕ, ಒಳಗೆ ಒಂದು ಕಪ್ಪೆಯ ಪ್ರಾಣ ಇದೆ."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಜೀವ ಇರೋದನ್ನೆಲ್ಲ ಚೀಲಕ್ಕೆ ಹಾಕ್ತೀರಾ ನೀವು?" ಎಂದು ಎರಡು ಜೊತೆ ಕೈಗವಸು ನನ್ನತ್ತ ಎಸೆದು, ತಾವೇ ಗಂಟು ಬಿಚ್ಚಿದರು. ನಿಮ್ಮ ತಟ್ಟೆ ಬುಡಮೇಲಾಗಿ ಬಿದ್ದಿತ್ತು. ಗುಳಿ ಮುಚ್ಚಿದ ಅಂಟುಹಾಳೆ ಕಿತ್ತಿರಲಿಲ್ಲ, ಹನಿಯೂ ಕದಲಿರಲಿಲ್ಲ. ಕೆಳಗೆ ಬೀಳುವಷ್ಟು ತೂಕವೂ ಇಲ್ಲದ ಹನಿ ಅದು. ಮೂರೂ ಹರಳು ಹಾಗೇ ಕೂತಿದ್ದವು, ಏನೂ ಆಗದವರ ಹಾಗೆ.

ಆಮೇಲೆ ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದೆ. ಸೂಕ್ಷ್ಮದರ್ಶಕದ ಕೆಳಗೆ ಹಿಡಿದು, ಮೂರರಲ್ಲಿ ಸಣ್ಣದನ್ನು ಸೂಜಿಯಿಂದ ಒತ್ತಿದೆ. ಉಪ್ಪಾಗಿದ್ದರೆ ಗಟ್ಟಿಯಾಗಿ ಪ್ರತಿಭಟಿಸಿ ಟಕ್ಕನೆ ಎರಡು ಹೋಳಾಗಬೇಕು. ಇದು ನಮ್ಮ ಹೊಸವರ್ಷದ ಕುಎ ಬಂಕಿತ್ ಬಿಸ್ಕತ್ತಿನ ಥರ, ತುಟಿಗೆ ತಾಗಿದ ಕೂಡಲೇ ಹಿಟ್ಟಾಗುತ್ತದಲ್ಲ, ಹಾಗೆ ಸದ್ದಿಲ್ಲದೆ ಉದುರಿ ಹೋಯಿತು. ಬೇರೆಯವರ ವಸ್ತು ಒಡೆದು ನನಗೆ ಇಷ್ಟು ಖುಷಿ ಯಾವತ್ತೂ ಆಗಿಲ್ಲ.

ಇವತ್ತು ಬೆಳಿಗ್ಗೆ ಎರಡನೆಯದನ್ನು ಕೂದಲಿನಂಥ ಕುಣಿಕೆಯಲ್ಲಿ ಎತ್ತಿ, ಮೇಲಿನ ಮಹಡಿಯ ಕ್ಷ-ಕಿರಣಕ್ಕೆ ಹಿಡಿದೆವು. ಉಪ್ಪಾಗಿದ್ದರೆ ತೆರೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಇಲ್ಲಿ ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ, ಸಾಲು ಸಾಲಾಗಿ, ಯಾರೋ ಅಳತೆ ಹಿಡಿದು ಸಾಸಿವೆ ಚೆಲ್ಲಿದ ಹಾಗೆ ಬಂದವು. ಚಿತ್ರ ಜೊತೆಗಿದೆ. ಷರಾ ಬದಲಿಸಿದ್ದೇನೆ, ನೋಡಿ: 'ಹರಳು'. ಮೂರನೆಯದು ದ್ರವ ಸಾರಜನಕದಲ್ಲಿ ನಿಮಗಾಗಿ ಭದ್ರವಾಗಿದೆ.

ಏಪ್ರಿಲ್ ಒಂದರಂದು ನಾನು ಆ ಷರಾದ ಮಾತೆತ್ತದೆ ಯಂತ್ರದ ಮೂತಿಯ ಬಗ್ಗೆ ಬರೆದೆ. "ಉಪವಾಸ ಇರೋರಿಗೆ ಕೆಟ್ಟ ಸುದ್ದಿ ಬರೀಬೇಡಿ," ಎಂದು ಹೆಂಡತಿ ಹೇಳಿದ್ದಳು. ಅವಳು ಹೇಳಿದ್ದು ಸರಿ. ಸುದ್ದಿಯೇ ಸುಳ್ಳಾಗಿತ್ತು, ಅಷ್ಟೇ.

ನಿಮ್ಮ ಪದ್ಯದ ಉಳಿದರ್ಧ:

ಸೂಜಿಯ ಮೊನೆಗೆ ಪುಡಿ ಪುಡಿಯಾಗಿದೆ,
ಇಳಿಯಿತು ನನ್ನ ಹೊರೆ.

ಕಿಮ್ ತಿಯೋಂಗ್


ಕೋತಾ ಬಾರು
ಏಪ್ರಿಲ್ 24, ಬುಧವಾರ

ಬಾಬಾ,

ಸೋಮವಾರದ ನಿಮ್ಮ ನಾಲ್ಕು ಸಾಲು ಓದಿ ಕೀಲಿಯನ್ನು ತಲೆವಸ್ತ್ರದ ತುದಿಗೆ ಕಟ್ಟಿಕೊಂಡೆ. ಸೋಮವಾರವೆಲ್ಲ ಕಾದೆ, ಮಂಗಳವಾರವೂ ಕಾದೆ. ಸಂಜೆ ಚಿತ್ರ ಬಂದಾಗ ನಾನು ಚರಂಡಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದೆ. ಆಮೇಲೆ ಎದ್ದು ರಂಬುತಾನ್ ಮರಕ್ಕೊಂದು ಸುತ್ತು ಬಂದೆ, ಯಾಕೆ ಎಂದು ಕೇಳಬೇಡಿ. ಅಮ್ಮನಿಗೆ ಫೋನು ಮಾಡಿದರೆ, "ಈ ಸಲ ಮೊದಲು ಅವರನ್ನ ಕೇಳಿದ್ಯಾ?" ಎಂದಳು. ಅವರೇ ಹೇಳಿದ್ದು ಎಂದೆ. ಅದಕ್ಕೆ, "ಅಯ್ಯೋ ಪಾಪ, ಆ ಕಪ್ಪೆಗೆ ಯಾರು ಹೇಳ್ತಾರೆ," ಎಂದಳು.

ಇವತ್ತು ಬೆಳಿಗ್ಗೆ ಡೀನ್, ರೊಸ್ದಿ, ರೊಸ್ದಿಯ ಕಪಾಟು, ಮೂವರೂ ಕೋಲ್ಡ್ ರೂಮಿನ ಬಾಗಿಲಲ್ಲಿ.

"ಕೀಲಿ ಕೊಡಿ, ಸಾಫುರಾ," ಎಂದು ಡೀನ್ ಕೈ ಚಾಚಿದರು. ಅವರ ಕೈಗೆ ನನ್ನ ಫೋನು ಇಟ್ಟೆ. ಚಿತ್ರವನ್ನು ಹಿಗ್ಗಿಸಿದರು, ಕುಗ್ಗಿಸಿದರು, ತಲೆಕೆಳಗು ಮಾಡಿದರು.

"ಇದು ನೂಲಲ್ಲ ತಾನೆ?"

"ನೂಲಿಗೆ ಇಷ್ಟು ಚುಕ್ಕಿ ಬರಲ್ಲ, ಪ್ರೊಫ್."

"ಉಪ್ಪು?"

"ಉಪ್ಪಿಗೂ ಬರಲ್ಲ. ಪಕ್ಕದ ಚಿತ್ರ ನೋಡಿ, ಒತ್ತಿದ್ರೆ ಹಿಟ್ಟಾಯ್ತು."

ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು. "ಇದಕ್ಕೆ ಎಷ್ಟು ವರ್ಷ ಆಯ್ತು ನಿಮ್ಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನು ವಾಪಸು ಕೊಟ್ಟರು. ಆಮೇಲೆ ತಿರುಗಿ, "ರೊಸ್ದಿ, ಕಪಾಟು ಒಯ್ದುಬಿಡಪ್ಪ. ರೂಮು ಇವರದ್ದೇ," ಎಂದರು. ಮೂಲೆಯಲ್ಲಿ ಯಾರೋ ಅಭ್ಯಾಸಬಲದಿಂದ ವಟಗುಟ್ಟಿದರು. ನಾನೂ ತಿರುಗಿ ಒಂದು ಸಲ ವಟಗುಟ್ಟಿದೆ. ಡೀನೂ ನಕ್ಕರು, ಅವರಿಗೆ ಹಲ್ಲಿದೆ ಎಂದು ನನಗೆ ಗೊತ್ತಾದದ್ದು ಇವತ್ತೇ.

ಕಪಾಟು ಹೋಯಿತು, ಆದರೆ ಸ್ವಲ್ಪ ಹೊತ್ತಿಗೆ ರೊಸ್ದಿ ಒಬ್ಬನೇ ವಾಪಸು ಬಂದ. ಒಳಗೆ ಬಂದು ಬಾಗಿಲು ಹಾಕಿಕೊಂಡ. ಇಬ್ಬರಿಗೂ ಹಲ್ಲು ಕಟಕಟ.

"ಕಾಕ್, ನಂದೂ ಒಂದಿದೆ."

"ಏನು ನಿಂದು?"

"ಪ್ರೋಟೀನ್. ತಾಳೆಗೆ ರೋಗ ತರೋ ಬೂಷ್ಟಿಂದು. ಆರು ವರ್ಷ ಆಯ್ತು, ಒಂದು ಹರಳು ಕೊಟ್ಟಿಲ್ಲ. ಈ ರೂಮ್ ಸಿಕ್ರೆ ಕೊಡುತ್ತೇನೋ ಅಂತ ಇದ್ದೆ."

ಆರು ವರ್ಷ ನನ್ನ ಪಕ್ಕದ ಕೋಣೆಯಲ್ಲಿ ಕೂತು ಇವನೂ ಹನಿ ಇಡುತ್ತಿದ್ದನಂತೆ, ಬಾಬಾ. ಒಂದು ದಿನ ಬಾಯಿ ಬಿಟ್ಟಿಲ್ಲ. ಅವನ ಟೇಪು, ಅವನ ಕಪಾಟು, ಅವನ ನಾಲ್ಕು ಅಕೋಕ್, ಎಲ್ಲ ಒಟ್ಟಿಗೇ ಅರ್ಥವಾಯಿತು. ಕೆಳಗಿನ ಎರಡು ಖಾನೆ ಅವನಿಗೆ ಬಿಟ್ಟುಕೊಟ್ಟೆ, ಒಂದು ಕೀಲಿ ಮಾಡಿಸಿಕೊಡುತ್ತೇನೆ.

"ಸಿಂಗಪುರಕ್ಕೆ ಕಳಿಸು," ಎಂದೆ. "ಅದು ಏನು, ಯಾವುದರದ್ದು, ಯಾವ ಆಮ್ಲ ಇದೆ, ಯಾವುದು ಇಲ್ಲ, ಹೆಣ್ಣು ನೋಡೋಕ್ ಬಂದೋರು ಕೇಳೋವಷ್ಟು ಎಲ್ಲಾ ಬರೆದು ಜೊತೆಗಿಡು."

"ಅವರು ಕೇಳಲ್ಲ ಅಂತಿದ್ರಿ?"

"ಕೇಳಲ್ಲ. ಅದಕ್ಕೇ ಹೇಳ್ಬೇಕು."

ಭಾನುವಾರ ಅವನ ಪೆಟ್ಟಿಗೆ ಹೊರಡುತ್ತದೆ. ನಿಮಗೆ ರಜೆ ಎಂದು ಗೊತ್ತು, ಡ್ರೈ ಐಸ್ ಒಂದು ಹಿಡಿ ಹೆಚ್ಚೇ ಹಾಕಿಸುತ್ತೇನೆ. ಎರಡು ಪುಟ ಬರೆದಿದ್ದಾನೆ. ಕೋಲ್ಡ್ ರೂಮಿನಲ್ಲೇ ಡಬ್ಬದ ಮೇಲೆ ಕೂತು, ಮೂರನೆಯದಕ್ಕೆ ಕೈ ಹಾಕಿದ್ದ. ಬೆರಳು ಮರಗಟ್ಟಿ ಪೆನ್ನು ಕೆಳಗೆ ಬಿತ್ತು; ನಾನೇ ತೋಳು ಹಿಡಿದು ಬಿಸಿಲಿಗೆ ಕರೆದುಕೊಂಡು ಬಂದೆ.

ಸಾಫುರಾ